ಹೆಬ್ಬೆಟ್ಟು ಕೇಳಿದ ಬೀಗ

ಹಿಂದಿನ ಬೀದಿಯ ಮನೆಗೆ ಕಳ್ಳರು ನುಗ್ಗಿ, ಟೀವಿಯನ್ನು ಬಿಟ್ಟು ಅದರ ರಿಮೋಟನ್ನು ಮಾತ್ರ ಹೊತ್ತೊಯ್ದರು. ಆ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಮನೆಗೊಂದು ಭದ್ರತೆ ಬೇಕೇ ಬೇಕು ಎಂದು ಸಹಿಯಮ್ಮನ ಸೊಸೆ ಪಟ್ಟು ಹಿಡಿದಳು.

"ನಮ್ಮನೇಲಿ ಏನಿದೆ ಅಂತ ಬರ್ತಾನಮ್ಮಾ?" ಎಂದರು ಸಹಿಯಮ್ಮನ ಯಜಮಾನರು. "ಬಂದ್ರೂ, ಪಾಪ ಅನ್ನಿಸಿ ಏನಾದ್ರೂ ಇಟ್ಟು ಹೋಗ್ತಾನೆ."

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕೋದಾ ಮಾವ?"

ಮಗ ಲಾರಿ ಹತ್ತಿದರೆ ವಾರಗಟ್ಟಲೆ ಬರುವವನಲ್ಲ. ಅತ್ತೆ ಸೊಸೆ ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದರು. ಸೊಸೆ ನರ್ಸು. ಸಹಿಯಮ್ಮ ಬಟ್ಟೆ ಕೋಣೆಯಲ್ಲಿ ಹಾಸಿಗೆಯ ಹೊದಿಕೆಗಳನ್ನು ಇಸ್ತ್ರಿ ಮಾಡುವವಳು.

ಸಹಿಯಮ್ಮ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಂಬಳದ ದಿನ ಗುಮಾಸ್ತ "ಹೆಬ್ಬೆಟ್ಟುಗಳೆಲ್ಲ ಆ ಕಡೆ" ಎನ್ನುತ್ತಿದ್ದ, ಬೆರಳುಗಳಿಗೇ ಕಾಲು ಬಂದು ಸಾಲಾಗಿ ನಿಂತಿವೆಯೋ ಎಂಬಂತೆ. ಉಗುರಿನ ಸಂದಿಗಿಳಿದ ನೇರಳೆ ಶಾಯಿ ಒಮ್ಮೆ ಬಿಳಿಯ ಹೊದಿಕೆಗೆ ತಾಗಿ, ಅದನ್ನು ಅವಳೇ ಮತ್ತೆ ಒಗೆಯಬೇಕಾಯಿತು. ಆ ವರ್ಷ ಮಗ ಅಕ್ಷರ ಕಲಿಯುತ್ತಿದ್ದ. ಅವನಿಗಿಂತ ಒಂದಕ್ಷರ ಹಿಂದೆ ಅವಳೂ ಕಲಿತಳು. ಈ ಕಡೆಯ ಸಾಲಿಗೆ ಬಂದು ನಿಂತು ಮೊದಲ ಸಹಿ ಹಾಕಿ ಮುಗಿಸುವಷ್ಟರಲ್ಲಿ ಹಿಂದಿನವರು ಎರಡು ಸಲ ಆಕಳಿಸಿದ್ದರು. ಆಮೇಲೆ ಆ ಸಹಿಗೆ ಬಿಡುವೇ ಇರಲಿಲ್ಲ. ಗ್ಯಾಸಿನವನು ಬೇಡವೆಂದರೂ "ಇರ್ಲಿ ಬಿಡಪ್ಪ, ಒಂದು ಕಡೆ ಇರ್ಲಿ" ಎಂದು ಅವನ ಚೀಟಿಯ ಬೆನ್ನಿಗೆ ಹಾಕಿ ಕಳಿಸುತ್ತಿದ್ದಳು.

ಬೀಗದಂಗಡಿಯವನು ಮೂರು ಡಬ್ಬಗಳೊಂದಿಗೆ ಬಂದ. ಮೊದಲನೆಯದು ಕ್ಯಾಮರಾ. ಬಾಗಿಲ ಮೇಲೆ ಹಿಡಿದು, ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದ.

"ಯಾರಿವನು ಬೋಳ, ನಮ್ಮ ಬಾಗಿಲಲ್ಲಿ?" ಎಂದರು ಯಜಮಾನರು.

"ನೀವೇ ಮಾವ."

ಕ್ಯಾಮರಾ ಬೇಡವೆಂದಾಯಿತು. ಎರಡನೆಯದು ಸೈರನ್ನು. ಒತ್ತಿದ ಕೂಡಲೇ ಕಿಟಕಿಯ ಗಾಜು ನಡುಗಿತು. ಕಾಪಾಡಲು ಯಾರೂ ಓಡಿ ಬರಲಿಲ್ಲ. ಪಕ್ಕದ ಮನೆಯಾಕೆ ಮಾತ್ರ "ಟೀವಿ ಸಣ್ಣ ಮಾಡ್ರೀ!" ಎಂದು ಕೂಗಿದಳು.

ಮೂರನೆಯದು ಬೆರಳು ಗುರುತಿನ ಬೀಗ. ಅದಕ್ಕೆ ಎಲ್ಲರೂ ಒಪ್ಪಿದರು. ಅಂಗಡಿಯವನು ಬೈರಿಗೆ ಹಿಡಿದು ಅದನ್ನು ಬಾಗಿಲಿಗೆ ಕೂರಿಸಿದ. ಸೊಸೆ ಹೆಬ್ಬೆರಳಿಟ್ಟಳು, ಬೀಗ ಕುಂಯ್ ಎಂದಿತು. ಮಾವ ಇಟ್ಟರು, ಅದಕ್ಕೂ ಕುಂಯ್ ಎಂದಿತು.

"ನೀವು ಬನ್ನಿ ಅಮ್ಮ. ಇದಕ್ಕೆ ಓದು ಬರಹ ಏನೂ ಬೇಡ, ಹೆಬ್ಬೆಟ್ಟು ಒತ್ತಿದ್ರೆ ಸಾಕು."

ಸಹಿಯಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಸಹಿ ಹಾಕಿದ್ರೆ ತೆಗೆಯಲ್ವಾ ಇದು?"

"ಸಹಿಗೆಲ್ಲಾ ಬಾಗಿಲು ತೆಗೆಯುತ್ತೇನಮ್ಮಾ?"

"ಬ್ಯಾಂಕಲ್ಲಿ ನನ್ನ ಸಹಿಗೆ ದುಡ್ಡೇ ಹೊರಗೆ ಬರುತ್ತೆ. ಇದ್ಯಾವ ಸೀಮೆ ಬೀಗ?"

ಯಜಮಾನರು ನಕ್ಕರು. ಅವಳು ನಗಲಿಲ್ಲ. "ನೀವೆಲ್ಲ ಇಲ್ಲಿಂದ ಓಡಾಡಿ. ನಾನು ಹಿತ್ತಿಲ ಬಾಗಿಲಿಂದ ಬರ್ತೀನಿ."

ಸೊಸೆ ಅತ್ತೆಯ ಮುಖ ನೋಡಿದಳು. ಕಟ್ಟುವಾಗ ಈ ಮನೆಯ ಇಟ್ಟಿಗೆಗೆ ನೀರು ಹಾಕಿದವಳು ಅತ್ತೆಯೇ. ಹಿತ್ತಿಲ ಬಾಗಿಲಿಂದ ಬರುತ್ತೇನೆಂದರೆ ಬಂದೇ ಬರುವ ಹೆಂಗಸು, ಸಾಯುವ ತನಕವೂ.

"ಅತ್ತೆ, ನಿಮ್ಮ ಬಟ್ಟೆ ಕೋಣೇಲಿ ಇನ್ನೂ ಪುಸ್ತಕಕ್ಕೆ ಸಹಿ. ನಮ್ಮ ವಾರ್ಡಲ್ಲಿ ಈಗ ಹಾಜರಿ ಹೇಗೆ ಗೊತ್ತಾ? ಡಾಕ್ಟ್ರುಗಳೂ ದಿನಾ ಬೆಳಿಗ್ಗೆ ಹೆಬ್ಬೆಟ್ಟೊತ್ತಿ ಒಳಗೆ ಬರೋದು."

"ದೊಡ್ಡ ಡಾಕ್ಟ್ರೂನಾ?"

"ಅವರೂ."

"ಸಾಲಲ್ಲಿ ನಿಂತ್ಕೊಂಡು?"

"ಸಾಲಲ್ಲೇ."

ಸಹಿಯಮ್ಮ ಇದನ್ನು ನಿಧಾನವಾಗಿ, ಎಳನೀರು ಕುಡಿದಂತೆ, ಒಳಗಿಳಿಸಿಕೊಂಡಳು. ಮುಖ ತಿಳಿಯಾಯಿತು. ಆದರೂ ಕೈ ಹೊರಗೆ ಬರಲಿಲ್ಲ. "ಪಾಪ, ಅವರ ಹಣೆಬರಹ" ಎಂದಳು.

ಅಂಗಡಿಯವನು ಗಡಿಯಾರ ನೋಡಿಕೊಂಡ. ಸೊಸೆ ಅವನನ್ನು ಪಕ್ಕಕ್ಕೆ ಕರೆದು ಕೇಳಿದಳು, "ಹೆಬ್ಬೆರಳೇ ಆಗ್ಬೇಕಾ?"

"ಹಾಗೇನಿಲ್ಲ ಮೇಡಂ, ಯಾವ ಬೆರಳಾದ್ರೂ ನಡೆಯುತ್ತೆ."

"ಅದನ್ನ ಮೊದಲೇ ಹೇಳೋಕೆ ಬಾಯಲ್ಲಿ ಏನಿತ್ತಪ್ಪಾ?" ಎಂದಳು ಸಹಿಯಮ್ಮ. ಸೆರಗಿನಿಂದ ಬಲಗೈ ತೆಗೆದು, ಯಾವ ಬೆರಳೆಂದು ಸ್ವಲ್ಪ ಯೋಚಿಸಿ, ಹೆಬ್ಬೆರಳಿಗೆ ಎಲ್ಲಕ್ಕಿಂತ ದೂರವಿದ್ದ ಕಿರುಬೆರಳನ್ನು ಇಟ್ಟಳು. ಬೀಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕುಂಯ್ ಎಂದಿತು.

ಆವತ್ತು ಸಂಜೆ ಅವಳು ಎಲ್ಲರಿಗಿಂತ ಮೊದಲು ಮುಂಬಾಗಿಲಿಂದ ಒಳಗೆ ಹೋಗಿ, ಚಿಲಕ ಹಾಕಿಕೊಂಡು, ಟೀ ಮಾಡಿದಳು. ಹೊರಗೆ ಯಜಮಾನರು ಹೆಬ್ಬೆರಳು ಒತ್ತಿ ಒತ್ತಿ ಸುಸ್ತಾಗಿ, ಕೊನೆಗೆ ಬಾಗಿಲು ಬಡಿದರು.

"ಯಾರದು?" ಎಂದಳು ಸಹಿಯಮ್ಮ ಒಳಗಿಂದ. "ಹೆಬ್ಬೆಟ್ಟಾ?"

"ಹೂಂ ಕಣೇ, ತೆಗಿ."

ಲೋಟವನ್ನು ಕೆಳಗಿಟ್ಟು, ಅವಸರವಿಲ್ಲದೆ ಎದ್ದಳು.