ತೊಟ್ಟಿ ನೀರಲ್ಲಿ ಕನಕಾಂಬರ

ಮಗಳು ಏನು ಕೆಲಸ ಮಾಡ್ತಾಳೆ ಅಂತ ಸೂಲಿಬೆಲೆಯಲ್ಲಿ ಯಾರಾದರೂ ಕೇಳಿದರೆ ನಾನು ಮಾತು ಬದಲಾಯಿಸುತ್ತಿದ್ದೆ. ಸಮುದ್ರದ ಅಲೆ ಅಳೀತಾಳೆ ಅಂತ ಒಂದು ಸಲ ಬಾಯಿಬಿಟ್ಟಿದ್ದಕ್ಕೆ ಡೈರಿ ಸಾಲಿನಲ್ಲಿದ್ದವರು "ಎಷ್ಟು ಲೀಟರ್ ಬಂತಕ್ಕಾ?" ಅಂತ ನಕ್ಕಿದ್ದರು.

ಅವಳ ಕೆಲಸ ಕರಾವಳಿಯ ಒಂದು ಅಳಿವೆಯಲ್ಲಿ, ಅಂದರೆ ಹೊಳೆ ಸಮುದ್ರ ಸೇರುವ ಬಾಯಲ್ಲಿ. ಅಲ್ಲಿ ನೀರಿನಡಿ ಮರಳಿನ ದಿಬ್ಬವಿದೆ. ಅಲೆ ಅದಕ್ಕೆ ಎಡವಿ, ಸುರುಳಿ ಸುತ್ತಿ ಒಡೆಯುತ್ತದೆ. ಹಲಗೆ ಮೇಲೆ ನಿಂತು ಸರ್ಫಿಂಗ್ ಮಾಡುವವರಿಗೆ ಅಂಥದ್ದೇ ಅಲೆ ಬೇಕು. ಅದನ್ನು ಕಲಿಸಿ ಬದುಕುವ ಮನೆಗಳು ಅಲ್ಲಿವೆ. ಮೀನು ಹಿಡಿಯುವವರಿಗೆ ಅದೇ ಅಲೆ ಗಂಡಾಂತರ. ದೋಣಿ ಮಗುಚಿ ಪ್ರಾಣ ಹೋಗಿದೆ. ಅದಕ್ಕೇ ಅವರು ಕಲ್ಲಿನ ತಡೆಗೋಡೆ ಕೇಳುತ್ತಿದ್ದರು. ಯಾರನ್ನು ತಪ್ಪು ಅನ್ನೋಣ?

ದಡದಲ್ಲಿ ಕ್ಯಾಮೆರಾ, ನೀರಿನಡಿ ಯಂತ್ರ ಇಟ್ಟು ಅವಳ ತಂಡ ಅಳೆದಿತ್ತು. ಗೋಡೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ದೋಣಿಗೂ ದಾರಿ, ಅಲೆಗೂ ಉಳಿವು ಅಂತ ಅವರಿಗೆ ಕಂಡಿತ್ತು. ಆದರೆ ಊರಿನ ಸಭೆಯಲ್ಲಿ ಪರದೆ ಮೇಲೆ ಗೆರೆಗಳನ್ನು ತೋರಿಸಿದಾಗ ಮೀನು ಮಾರುವ ಹೆಂಗಸೊಬ್ಬರು ಎದ್ದು, "ನಿನ್ನ ಗೆರೆ ನೀನೇ ಓದಿಕೊ ಮಾರಾಯ್ತಿ. ಅಲ್ಲಿ ದಾಟಿ ಬರುವುದು ನನ್ನ ಗಂಡ" ಅಂದರಂತೆ. ಇನ್ನೊಂದು ಸಭೆ ಉಳಿದಿತ್ತು. ಅದಾದ ಮೇಲೆ ಗೋಡೆಯ ಜಾಗ ಗಟ್ಟಿ.

ಅವಳು ಮನೆಗೆ ಬಂದಾಗ ಮುಖ ಬಾಡಿತ್ತು. ಎರಡು ತುತ್ತಿಗೇ ತಟ್ಟೆ ಸರಿಸಿದಳು. ಮಾರನೇ ದಿನ ಹಿತ್ತಲಲ್ಲಿ ಹಸು ನೀರು ಕುಡಿಯುವ ಸಿಮೆಂಟು ತೊಟ್ಟಿಗೆ ಮರಳು ಸುರಿದು, ನಡುವೆ ಸಣ್ಣ ಸಂದು ಬಿಟ್ಟು ದಿಬ್ಬ ಕಟ್ಟಿದಳು. ಒಂದು ಹಲಗೆಯಿಂದ ನೀರು ತಳ್ಳುತ್ತಾ ಕೂತಳು. ಪುಟ್ಟ ಅಲೆ ದಿಬ್ಬದ ಮೇಲೆ ಒಡೆಯಿತು. ಅವಳಿಗೆ ಸಮಾಧಾನವಿಲ್ಲ.

"ಒಡೆದ ನೀರು ಯಾವ ಕಡೆಯಿಂದ ವಾಪಸ್ ಹೋಗುತ್ತೆ ಅನ್ನೋದೇ ಮುಖ್ಯ ಕಣಮ್ಮ. ಅದು ಕಣ್ಣಿಗೆ ಕಾಣಲ್ವಲ್ಲ!"

ಹಸು ಬಕೆಟ್ಟಿನಲ್ಲಿ ಕುಡಿಯುವಂತಾಯಿತು.

ಮರುದಿನ ಶುಕ್ರವಾರ. ನಮ್ಮತ್ತೆ ಸಮುದ್ರ ನೋಡಿದವರಲ್ಲ. ನಮ್ಮ ಕೆರೆ ತುಂಬಿ ಕೋಡಿ ಬಿದ್ದರೆ ಬಾಗಿನ ಹಿಡಿದು ಮೊದಲು ಹೊರಡುವವರು ಅವರೇ. ಮೊಮ್ಮಗಳು ಮನೆಯೊಳಗೇ ಸಮುದ್ರ ಮಾಡಿದ್ದಾಳೆ ಅಂದರೆ ಬಿಡ್ತಾರಾ? ನಾವು ಏಳುವಷ್ಟರಲ್ಲಿ ತೊಟ್ಟಿಗೆ ಅರಿಶಿನ ಕುಂಕುಮ ಇಟ್ಟು, ಸುತ್ತ ರಂಗೋಲಿ ಹಾಕಿ, ಕನಕಾಂಬರ ಬಿಡಿಸಿ ನೀರಿಗೆ ಚೆಲ್ಲಿ ಕೈಮುಗಿದು ನಿಂತಿದ್ದರು.

"ಅಜ್ಜೀ! ಇದು ಪ್ರಯೋಗ, ಪೂಜೆಗಲ್ಲ!"

"ಗಂಗಮ್ಮನ್ನ ಮನೆಗೆ ಕರೆದ್ಬಿಟ್ಟು ಹೂವು ಕೊಡ್ದೆ ಕೂರಿಸ್ತೀಯೇನೇ? ಇಷ್ಟು ಓದಿ ಇದೇನಾ ಕಲ್ತಿದ್ದು?"

ಮಗಳು ಹಲ್ಲು ಕಚ್ಚಿಕೊಂಡು ಹೂ ಬಾಚಲು ಬಗ್ಗಿದಳು. ಅಷ್ಟರಲ್ಲಿ ಅವಳ ಮೊಣಕೈ ತಗುಲಿ ಹಲಗೆ ಅಲ್ಲಾಡಿತು. ಅಲೆ ಎದ್ದಿತು. ಹೂವುಗಳು ದಿಬ್ಬ ಹತ್ತಿ ಈಚೆ ಬಂದವು. ಹಾಗೆ ಬಂದ ಹೂವುಗಳು ಮೆಲ್ಲಗೆ ಪಕ್ಕಕ್ಕೆ ಸರಿದು, ಸಂದಿನ ಬಳಿ ಸೇರಿ, ಒಂದರ ಹಿಂದೊಂದು ಆಚೆ ಹೋದವು. ಅವಳ ಕೈ ನೀರಿನ ಮೇಲೆ ಹಾಗೇ ನಿಂತಿತು.

"ಅಮ್ಮಾ, ಇಟ್ಟಿಗೆ ಚೂರು ತಗೊಂಡ್ ಬಾ."

ಗೋಡೆ ಬರಬೇಕೆಂದಿದ್ದ ಕಡೆ ಇಟ್ಟಿಗೆ ಸಾಲಾಗಿ ಇಟ್ಟಳು. ಸಂದು ಮುಚ್ಚಿಹೋಗಿ ಹೂವೆಲ್ಲ ಒಂದು ಮೂಲೆಗೆ ಅಂಟಿಕೊಂಡಿತು. ಗೇಣಷ್ಟು ಸರಿಸಿದಳು. ಹೂವು ಮತ್ತೆ ಹೊರಟಿತು.

"ಉಸಿರು ಬಿಡ್ತು ನೋಡು" ಅಂದರು ಅತ್ತೆ.

ಮಗಳು ಅವರನ್ನು ತಬ್ಬಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ತೊಟ್ಟಿ ಸಮುದ್ರವಲ್ಲ, ನಿಜ ಹೇಳುವುದು ಅಲ್ಲಿ ಅಳೆದ ಲೆಕ್ಕವೇ, ಇದು ತೋರಿಸುವುದಕ್ಕಷ್ಟೇ ಅಂದಳು. ಆ ಮಾತು ನನಗೆ ಹಿಡಿಸಿತು. ಅಂದು ಅವಳು ಮುದ್ದೆ ಎರಡನೇ ಸಲ ಹಾಕಿಸಿಕೊಂಡಳು. ದೇವರು ನನಗೆ ಕೊಟ್ಟಿದ್ದರ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಂಡೆ.

ಸಭೆಯ ದಿನ ಅವಳು ಅಗಲವಾದ ತಗಡಿನ ತಟ್ಟೆ, ಮರಳು, ಇಟ್ಟಿಗೆ ಚೂರು, ಹೂವು ಒಯ್ದಳು. ನಾನು ದೀಪ ಹಚ್ಚಿ ಫೋನು ಪಕ್ಕದಲ್ಲಿಟ್ಟುಕೊಂಡು ಕೂತೆ. ನಾನು ಬೇಡಿಕೊಂಡಿದ್ದು ಅವಳು ಗೆಲ್ಲಲಿ ಅಂತಲ್ಲ; ಆ ದೋಣಿಯವರೂ ಮನೆ ಸೇರಲಿ ಅಂತ.

ಸಂಜೆ ಫೋನು ಬಂತು. ಅದೇ ಮೀನು ಮಾರುವ ಹೆಂಗಸು ಮುಂದೆ ಬಂದು, ತಮ್ಮ ಮುಡಿಯ ಮಲ್ಲಿಗೆ ಕಿತ್ತು ತಟ್ಟೆಗೆ ಹಾಕಿ, ಇಟ್ಟಿಗೆಯನ್ನು ತಾವೇ ಅತ್ತಿತ್ತ ಸರಿಸಿ ಬಹಳ ಹೊತ್ತು ನೋಡಿದರಂತೆ. ಕೊನೆಗೆ, "ಗೋಡೆ ಬೇಕೇ ಬೇಕು. ಆದರೆ ಎಲ್ಲಿ ಅಂತ ಇನ್ನೊಂದು ಮಳೆಗಾಲ ನೋಡಿಯೇ ಹೇಳು. ನಮ್ಮ ಗಂಡಸರೂ ನಿನ್ನ ಜೊತೆ ಬರುತ್ತಾರೆ" ಅಂದರಂತೆ. ಉಳಿದವರೂ ಒಪ್ಪಿದರಂತೆ.

"ಪೂರ್ತಿ ಆಗಿಲ್ಲಮ್ಮ" ಅಂದಳು ಮಗಳು.

"ಗೋಡೆ ಕಲ್ಲು ಇನ್ನೂ ಬಿದ್ದಿಲ್ವಲ್ಲ, ಸಾಕು ಬಿಡು" ಅಂದೆ.

ಹಿತ್ತಲಿಗೆ ಹೋಗಿ ಮರಳು ತೆಗೆದು, ತೊಟ್ಟಿ ತೊಳೆದು ನೀರು ತುಂಬಿಸಿದೆ. ಎಲ್ಲೋ ಅಂಟಿದ್ದ ಒಂದು ಕನಕಾಂಬರ ತೇಲಿ ಮೇಲೆ ಬಂತು. ಹಸು ಅದನ್ನೂ ಸೇರಿಸಿ ಕುಡಿಯಿತು.