ಟೆರೇಸಿನಲ್ಲಿ ಬೆಂದ ಅನ್ನ

ಸೇವಂತಿಯಕ್ಕ ನಮ್ಮ ಮನೆಗೆ ಮೊದಲ ಸಲ ಬಂದದ್ದು ಬಿಸಿಲು ಕೇಳಲಿಕ್ಕೆ. ಮುಂಬಯಿಯ ಮಲಾಡಿನಲ್ಲಿ ನಮ್ಮ ಬಿಲ್ಡಿಂಗಿನ ಹಿಂದೆ, ಕಾಂಪೌಂಡಿಗೆ ಒರಗಿದಂತೆ ಒಂದೊಂದೇ ಕೋಣೆಯ ಮನೆಗಳ ಒಂದು ಚಾಳ್ ಇತ್ತು. ಅದರ ಕೊನೆಯ ಖೋಲಿ ಅವರದು. ಹಪ್ಪಳ ಮಾಡಿ ಮಾರುತ್ತಿದ್ದರು, ಆದರೆ ಒಣಗಿಸಲು ಜಾಗವಿರಲಿಲ್ಲ. ಬಾಗಿಲಲ್ಲಿ ನಿಂತು ನನ್ನ ಅಮ್ಮನಿಗೆ, “ನಿಮ್ಮ ಟೆರೇಸಿನಲ್ಲಿ ಅಷ್ಟು ಬಿಸಿಲು ಸುಮ್ಮನೆ ಬಿದ್ದು ಹೋಗ್ತದಲ್ಲ ಅಮ್ಮ, ನನಗೆ ಸ್ವಲ್ಪ ಕೊಡ್ತೀರಾ?” ಎಂದರು. ಮೈಸೂರಿನಿಂದ ಮದುವೆಯಾಗಿ ಬಂದ ಅಮ್ಮನಿಗೆ ಈ ಊರಿನ ಹಿಂದಿ, ಮರಾಠಿಗಳ ನಡುವೆ ಕನ್ನಡ ಕಿವಿಗೆ ಬಿದ್ದರೆ ಸಾಕು, ಮನಸ್ಸು ಮೆತ್ತಗಾಗುತ್ತಿತ್ತು. ಸೊಸೈಟಿಯ ಸೆಕ್ರೆಟರಿಯನ್ನೂ ಕೇಳದೆ ಟೆರೇಸಿನ ಬೀಗದಕೈ ಕೊಟ್ಟುಬಿಟ್ಟಳು.

ಸೇವಂತಿಯಕ್ಕನ ಗಂಡ ಕಾಂತಪ್ಪ ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನಲ್ಲಿ ವರ್ಷಗಟ್ಟಲೆ ದೋಸೆ ಹೊಯ್ದವರು. ಎಂಬತ್ತಾರರಲ್ಲಿ ಕುವೈತಿಗೆ ಹೋದರು. ಅಲ್ಲಿ ಎಣ್ಣೆ ಬಾವಿಗಳಲ್ಲಿ ದುಡಿಯುವವರ ಕ್ಯಾಂಪಿಗೆ ಅಡುಗೆ ಮಾಡುವ ಕೆಲಸ. ಇಬ್ಬರಿಗೂ ಪತ್ರ ಬರೆಯುವ ಅಭ್ಯಾಸವಿರಲಿಲ್ಲ. ಊರಿಗೆ ಬರುವ ಯಾರಾದರೂ ಸಿಕ್ಕರೆ ಕಾಂತಪ್ಪ ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಸೇವಂತಿಯಕ್ಕ ಟೇಪ್‌ರೆಕಾರ್ಡರನ್ನು ಟೆರೇಸಿಗೆ ತಂದು, ಹಪ್ಪಳ ಹರಡುತ್ತಾ ಗಂಡನ ದನಿ ಕೇಳುತ್ತಿದ್ದರು. ಅರ್ಧ ತುಳು, ಅರ್ಧ ಕನ್ನಡ. “ಇಲ್ಲಿ ಕುಡಿಯುವ ನೀರಿಗಿಂತ ಪೆಟ್ರೋಲು ಅಗ್ಗ ಮಾರಾಯ್ತಿ,” ಎಂದು ಆ ದನಿ ನಗುತ್ತಿತ್ತು. “ಹೌದು, ಇಲ್ಲಿ ನಾನು ಒಂದು ಡಬ್ಬ ಚಿಮಣಿ ಎಣ್ಣೆಗೆ ಅರ್ಧ ದಿನ ಲೈನಲ್ಲಿ ನಿಲ್ತೇನೆ,” ಎಂದು ಇವರು ಯಂತ್ರಕ್ಕೇ ಉತ್ತರ ಕೊಡುತ್ತಿದ್ದರು.

ಟೆರೇಸಿನ ನೀರಿನ ಟಾಂಕಿಯ ಪಕ್ಕ ನಮ್ಮದೊಂದು ಪೆಟ್ಟಿಗೆ ಬಿದ್ದಿತ್ತು. ಸೋಲಾರ್ ಕುಕ್ಕರ್. ಒಳಗೆಲ್ಲ ಕಪ್ಪು ಬಣ್ಣ, ಮೇಲೆ ಎರಡು ಪದರದ ಗಾಜು, ಮುಚ್ಚಳದಲ್ಲಿ ಕನ್ನಡಿ. ಯಾವುದೋ ಪ್ರದರ್ಶನದಲ್ಲಿ ಸರ್ಕಾರದ ರಿಯಾಯಿತಿಯಲ್ಲಿ ಅಮ್ಮ ಆಸೆಪಟ್ಟು ಕೊಂಡದ್ದು. ನನ್ನ ಅಪ್ಪ ಸತ್ಯಮೂರ್ತಿ ಒಂದು ಎಣ್ಣೆ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದರು. “ಕಂಪನಿಯ ಅನ್ನ ತಿಂದು ಸೂರ್ಯನ ಪಾರ್ಟಿ ಸೇರ್ತೀಯೇನೇ?” ಎಂದು ಛೇಡಿಸಿದ್ದರು. ಆದರೆ ಅಪ್ಪನ ಊಟದ ಡಬ್ಬ ಸೂರ್ಯ ಮೇಲೇರುವ ಮೊದಲೇ ತಯಾರಾಗಬೇಕಿತ್ತು. ಮನೆಯವರೆಲ್ಲ ಕೂತು ಉಣ್ಣುವುದು ಕತ್ತಲಾದ ಮೇಲೆ. ನಮ್ಮ ಮನೆಯ ಹಸಿವಿಗೂ ಸೂರ್ಯನಿಗೂ ಹೊತ್ತು ಕೂಡಿಬರಲಿಲ್ಲ. ಪೆಟ್ಟಿಗೆಯ ಮೇಲೆ ಗೋಣಿಚೀಲ ಬಿತ್ತು.

ತೊಂಬತ್ತರ ಆಗಸ್ಟಿನಲ್ಲಿ, ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಸಂಜೆ, ಕುವೈತಿನೊಳಗೆ ಇರಾಕಿನ ಸೇನೆ ನುಗ್ಗಿದ ಸುದ್ದಿ ಟಿವಿಯಲ್ಲಿ ಬಂತು. ಅಮ್ಮ ನನ್ನನ್ನು ಕೊಡೆ ಕೊಟ್ಟು ಚಾಳಿಗೆ ಓಡಿಸಿದಳು. ನನ್ನ ಕನ್ನಡ ಆಗ ತೊದಲು. “ಸೇವಂತಿಯಕ್ಕ, ಅಲ್ಲಿ... ವಾರ್ ಸ್ಟಾರ್ಟ್ ಆಗಿದೆ,” ಎಂದೆ. ಅವರು ನಾದುತ್ತಿದ್ದ ಉದ್ದಿನ ಹಿಟ್ಟಿನಿಂದ ಕೈ ತೆಗೆಯಲಿಲ್ಲ. “ಇವರು ಅಡುಗೆಯವರಲ್ವಾ? ಅಡುಗೆಯವರನ್ನು ಯಾರು ಎಂತ ಮಾಡ್ತಾರೆ?” ಎಂದು ನನ್ನನ್ನೇ ಕೇಳಿದರು.

ಆಮೇಲೆ ಸುದ್ದಿಯೇ ಇಲ್ಲ. ಫೋನ್ ಇಲ್ಲ, ಕ್ಯಾಸೆಟ್ ಇಲ್ಲ, ಹಣ ಬರುವುದಂತೂ ನಿಂತೇಹೋಯಿತು. ಅದರ ಬೆನ್ನಿಗೇ ಸೀಮೆಎಣ್ಣೆಗೆ ಬರ. ರೇಷನ್ ಅಂಗಡಿಯ ಮುಂದೆ ಜನರಿಗಿಂತ ಮೊದಲು ಡಬ್ಬಗಳು ಸಾಲುಗಟ್ಟುತ್ತಿದ್ದವು, ಒಂದರ ಕಿವಿಗೆ ಒಂದನ್ನು ಹಗ್ಗದಿಂದ ಬಿಗಿದು. ತಾಸುಗಟ್ಟಲೆ ನಿಂತ ಮೇಲೆ ಅಂಗಡಿಯವನು “ಘಾಸ್ಲೇಟ್ ಖತಮ್” ಎಂದು ಬಾಗಿಲೆಳೆಯುತ್ತಿದ್ದ. ಅಂಥ ಒಂದು ದಿನ ಸೇವಂತಿಯಕ್ಕ ಖಾಲಿ ಡಬ್ಬದ ಪಕ್ಕ ರಸ್ತೆಯಲ್ಲೇ ಕೂತು ಅತ್ತುಬಿಟ್ಟರಂತೆ. ಅವರನ್ನು ಎಬ್ಬಿಸಿ ಕರೆತಂದವರು ಪಕ್ಕದ ಖೋಲಿಯ ಗುರುಬಾಯಿ. ವಿಜಾಪುರದ ಕಡೆಯವರು, ಪರೇಲಿನ ಗಿರಣಿ ಮುಷ್ಕರದಲ್ಲಿ ಗಂಡನ ಕೆಲಸ ಕಳೆದುಕೊಂಡು ಮಲಾಡಿಗೆ ಬಂದವರು.

“ಎಣ್ಣಿ ಹುಟ್ಟೂ ಊರಿಗೆ ಗಂಡನ್ನ ಕಳಿಸೀದಿ, ನಿನ್ನ ಸ್ಟೋವಿಗೇ ಎಣ್ಣಿ ಇಲ್ಲ ನೋಡವ್ವಾ,” ಎಂದರು ಗುರುಬಾಯಿ. “ಅಳಬ್ಯಾಡ. ನಂದ್ರಾಗ ಅರ್ಧಾ ಸುರಕೋ. ಅಂವಾ ಬರ್ತಾನ. ಬರೂತನಕಾ ನೀ ಉಣಬೇಕಿಲ್ಲೋ?”

ಕಾಂತಪ್ಪ ಬಂದರು. ಸೆಪ್ಟೆಂಬರಿನಲ್ಲಿ, ಗಡಿ ದಾಟಿ ಅಮ್ಮಾನ್ ಸೇರಿದ್ದ ನಮ್ಮ ಜನರನ್ನು ತುಂಬಿಕೊಂಡು ಬರುತ್ತಿದ್ದ ವಿಮಾನಗಳಲ್ಲೊಂದರಲ್ಲಿ. ಸಹಾರ್ ವಿಮಾನ ನಿಲ್ದಾಣಕ್ಕೆ ಸೇವಂತಿಯಕ್ಕನ ಜೊತೆ ಅಪ್ಪನೂ ಹೋಗಿದ್ದರು. ಹೊರಗೆ ಬಂದ ಮನುಷ್ಯನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಬಿಟ್ಟರೆ ಬೇರೇನೂ ಇರಲಿಲ್ಲ. ಮೂಗಿನ ಮೇಲೆ, ಕಿವಿಯ ತುದಿಯಲ್ಲಿ ಚರ್ಮ ಸುಲಿದು ಹೋಗಿತ್ತು. ಸೇವಂತಿಯಕ್ಕ ಓಡಿಹೋಗಿ ತಬ್ಬಿಕೊಳ್ಳಲಿಲ್ಲ. ಹತ್ತಿರ ಹೋಗಿ, ಆ ಕಿವಿಯನ್ನು ಬೆರಳಿನಿಂದ ಮುಟ್ಟಿ ನೋಡಿದರಂತೆ. “ಬಂದಿರಲ್ಲ,” ಎಂದರಂತೆ, ಅಷ್ಟೇ.

ಬಂದವರು ಖೋಲಿಯ ಮೂಲೆ ಹಿಡಿದರು. ಹಳೆಯ ಹೋಟೆಲಿನಿಂದ ಕರೆ ಬಂದರೂ ಹೋಗಲಿಲ್ಲ. ಮಳೆ ಇರುವಷ್ಟು ದಿನ ಹೊಸಿಲ ತನಕವಾದರೂ ಬರುತ್ತಿದ್ದರು. ಅಕ್ಟೋಬರಿನಲ್ಲಿ ಮೋಡ ಸರಿದು ಮುಂಬಯಿಯ ಉರಿಬಿಸಿಲು ಶುರುವಾಯಿತು ನೋಡಿ, ಅಂದಿನಿಂದ ಬಾಗಿಲು ಮುಚ್ಚಿ, ಕಿಟಕಿಗೆ ಕಂಬಳಿ ಕಟ್ಟಿ ಕೂತುಬಿಟ್ಟರು. ಬೆಳಕಿನ ಒಂದು ಗೆರೆ ನೆಲದ ಮೇಲೆ ಬಿದ್ದರೂ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಸೇವಂತಿಯಕ್ಕ ಏನೂ ಕೇಳಲಿಲ್ಲ. “ಅವರಿಗೆ ಹೇಳಬೇಕೆಂದು ಕಂಡಾಗ ಹೇಳ್ತಾರೆ. ಬೇಯದ ಅನ್ನವನ್ನು ಕೆದಕಿದರೆ ಎಂತ ಸಿಗ್ತದೆ?” ಎಂದು ಅಮ್ಮನ ಹತ್ತಿರ ಹೇಳಿದ್ದರು.

ಆದರೆ ಹೊಟ್ಟೆ ಕಾಯುವುದಿಲ್ಲವಲ್ಲ. ಸ್ಟೇಷನ್ ಹತ್ತಿರದ ಮಾರ್ಕೆಟ್ಟಿನಲ್ಲಿ ಬಟ್ಟೆ ಹೊಲಿಯುವವರು, ಅಂಗಡಿಯಲ್ಲಿ ದುಡಿಯುವ ನಮ್ಮ ಕಡೆಯವರು ಮಧ್ಯಾಹ್ನದ ಊಟಕ್ಕೆ ಪರದಾಡುತ್ತಿದ್ದರು. ಅವರಿಗೆ ಊಟ ಹಾಕುವುದೆಂದು ಸೇವಂತಿಯಕ್ಕ ನಿಶ್ಚಯಿಸಿದರು. ಅಕ್ಕಿ ಸಿಗುತ್ತಿತ್ತು, ಬೇಯಿಸಲು ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಹಪ್ಪಳ ತೆಗೆಯಲು ಟೆರೇಸಿಗೆ ಬಂದ ಒಂದು ದಿನ ಗೋಣಿಚೀಲ ಎತ್ತಿ, “ಅಮ್ಮ, ಇದು ನಿಜವಾಗಿ ಬೇಯಿಸ್ತದಾ?” ಎಂದು ಕೇಳಿದರು.

“ಬೇಯಿಸತ್ತೆ ಕಣೆ. ಮಧ್ಯಾಹ್ನದ ಊಟಕ್ಕಾದ್ರೆ ಹೇಳಿ ಮಾಡಿಸಿದ್ದು. ನಮ್ಮನೇಲಿ ಮಧ್ಯಾಹ್ನ ಯಾರಿರ್ತಾರೆ?” ಎಂದಳು ಅಮ್ಮ. ಇಬ್ಬರೂ ಸೇರಿ ಕನ್ನಡಿ ಒರೆಸಿದರು. ಮೊದಲ ದಿನ ಅನ್ನ ಅರೆಬೆಂದಿತು, ಏಕೆಂದರೆ ಸೇವಂತಿಯಕ್ಕ ಗಳಿಗೆಗೊಮ್ಮೆ ಗಾಜು ಎತ್ತಿ ಇಣುಕುತ್ತಿದ್ದರು. “ಹಾಗೆ ಅನುಮಾನ ಪಟ್ಟರೆ ಬಿಸಿ ಎಲ್ಲಾ ಹೋಗತ್ತೆ. ನಂಬಿ ಬಿಡಬೇಕು,” ಎಂದು ಅಮ್ಮ ಕೈ ಹಿಡಿದಳು. ಮರುದಿನ ನಂಬಿ ಬಿಟ್ಟರು. ಅನ್ನ ಮಲ್ಲಿಗೆಯಾಗಿ ಅರಳಿತ್ತು, ಬೇಳೆ ಬೆರಳಿಗೆ ಸಿಕ್ಕರೆ ಕರಗುವಂತಿತ್ತು. ಸ್ಟೋವ್ ಹೊತ್ತಿಸಬೇಕಾದದ್ದು ಒಗ್ಗರಣೆಗೆ ಮಾತ್ರ. ಒಂದು ಪೆಟ್ಟಿಗೆ ಸಾಲದೆ, ಪ್ರದರ್ಶನದಲ್ಲಿ ಕೊಂಡು ಮೂಲೆಗೆಸೆದಿದ್ದ ಇನ್ನೊಬ್ಬರ ಪೆಟ್ಟಿಗೆಯನ್ನು ಅಪ್ಪನೇ ಹುಡುಕಿ, ಕೈಗಾಡಿಯಲ್ಲಿ ಹೇರಿಸಿಕೊಂಡು ಬಂದರು. “ಆಫೀಸಿನಲ್ಲಿ ಮಾತ್ರ ಹೇಳಬೇಡಿ,” ಎಂದು ನಕ್ಕರು. ಕಾಂತಪ್ಪನಿಗೆ ಎಲ್ಲವೂ ಗೊತ್ತಿತ್ತು. ತಟ್ಟೆಯಲ್ಲಿ ಬಂದದ್ದನ್ನು ಉಣ್ಣುತ್ತಿದ್ದರು, ಎಲ್ಲಿ ಬೆಂದಿತೆಂದು ಕೇಳುತ್ತಿರಲಿಲ್ಲ.

ನವೆಂಬರಿನಲ್ಲಿ ಸೇವಂತಿಯಕ್ಕನಿಗೆ ಚಳಿಜ್ವರ ಹತ್ತಿತು. ನನಗೆ ಪರೀಕ್ಷೆಯ ರಜೆ, ಟಾಂಕಿಯ ನೆರಳಿನಲ್ಲಿ ಕೂತು ಓದುತ್ತಿದ್ದೆ. ಅವರು ಬೆಳಗ್ಗೆ ನಡುಗುತ್ತಲೇ ಬಂದು ಅಕ್ಕಿ, ಬೇಳೆ ಇಟ್ಟು ಹೋಗಿದ್ದರು. ಸೂರ್ಯ ಸರಿದಂತೆ ಪೆಟ್ಟಿಗೆಯನ್ನೂ ತಿರುಗಿಸಬೇಕು. ಅವರು ಬರುವ ಹೊತ್ತು ಮೀರಿತು. ನಾನೇ ಏಳೋಣವೆಂದುಕೊಳ್ಳುವಾಗ ಮೆಟ್ಟಿಲ ಬಾಗಿಲಲ್ಲಿ ಕಾಂತಪ್ಪ ಕಾಣಿಸಿದರು. ತಲೆಯ ಮೇಲೆ ಬಿಚ್ಚಿದ ಕಪ್ಪು ಕೊಡೆ. ನೆರಳು ಮುಗಿಯುವ ಗೆರೆಯ ಹತ್ತಿರ ನಿಂತು, ಈಜು ಬಾರದವನು ಹೊಳೆ ನೋಡುವ ಹಾಗೆ ಬಿಸಿಲನ್ನು ನೋಡುತ್ತಿದ್ದರು.

“ಅಂಕಲ್, ನಾನು ತಿರುಗಿಸ್ಲಾ?” ಎಂದೆ.

“ಬೇಡ ಮಗಾ,” ಎಂದರು. “ಅವಳು ನನ್ನ ಹತ್ತಿರ ಹೇಳಿದ್ದು.” ಆಮೇಲೆ ಗೆರೆ ದಾಟಿ ಬಂದರು. ಒಂದೇ ಕೈಯಲ್ಲಿ ಪೆಟ್ಟಿಗೆ ತಿರುಗಲಿಲ್ಲ. ಕೊನೆಗೆ ಕೊಡೆಯನ್ನು ಕೆಳಗಿಟ್ಟರು. ಎರಡೂ ಕೈಯಿಂದ ಪೆಟ್ಟಿಗೆಯನ್ನು ಸೂರ್ಯನ ಕಡೆ ತಿರುಗಿಸಿ, ಕನ್ನಡಿಯನ್ನು ಎಬ್ಬಿಸಿ, ಬೆಳಕು ಪಾತ್ರೆಗಳ ಮೇಲೆ ಬೀಳುವ ಹಾಗೆ ಹೊಂದಿಸಿದರು. ಅಡುಗೆಯವರ ಕೈ, ಹೇಳಿಕೊಡಬೇಕಾಗಲಿಲ್ಲ. ಕೊಡೆ ಎತ್ತಿಕೊಂಡರು, ಆದರೆ ಇಳಿದು ಹೋಗಲಿಲ್ಲ.

ಅನ್ನದ ಚಿಂತೆಗೆ ಸೇವಂತಿಯಕ್ಕ ಕಂಬಳಿ ಹೊದ್ದು, ಗೋಡೆ ಹಿಡಿದು ಮೇಲೆ ಬಂದಾಗ ಕಂಡದ್ದು ಇದು. ಗಂಡ ಪೆಟ್ಟಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಗಾಜಿನೊಳಗೆ ನೋಡುತ್ತಿದ್ದರು. ಇವರು ಹೋಗಿ ಅದೇ ಕೊಡೆಯಡಿ ಕೂತರು. ಆ ದಿನ ಕಾಂತಪ್ಪ ಮಾತಾಡಿದರು. ನಾನಿದ್ದೇನೆಂಬುದು ಇಬ್ಬರಿಗೂ ಮರೆತಿತ್ತು.

“ಅಮ್ಮಾನಿಗೆ ಹೋಗುವ ದಾರಿಯಲ್ಲಿ, ಗಡಿಯ ಆಚೆ ಮರಳಿನಲ್ಲಿ ನಮ್ಮನ್ನು ಇಟ್ಟಿದ್ದರು. ಮರ ಇಲ್ಲ, ಗೋಡೆ ಇಲ್ಲ. ನೀರಿನ ಲಾರಿ ಬಂದರೆ ಬಂತು. ನನಗೆ ಬಿಸಿಲು ತಲೆಗೆ ಹತ್ತಿತು, ಬಿದ್ದೆ. ನಮ್ಮ ದೂಜಣ್ಣ ಇದ್ದನಲ್ಲ, ಕ್ಯಾಂಪಲ್ಲಿ ಪಾತ್ರೆ ತೊಳೆಯುವವನು, ಮೂಲ್ಕಿಯವನು. ಹಾಸಿದ ಬೆಡ್‌ಶೀಟನ್ನು ಎತ್ತಿ ನನ್ನ ಮೇಲೆ ಹಿಡಿದು ನಿಂತ. ಸೂರ್ಯ ತಿರುಗಿದ ಹಾಗೆ ಅವನೂ ತಿರುಗಿದ. ಮುಳುಗುವವರೆಗೆ ಕೂರಲಿಲ್ಲ ಸೇವಂತಿ. ಅಷ್ಟು ಎಣ್ಣೆ ಇದ್ದ ದೇಶ. ನನಗೆ ಬೇಕಾದದ್ದು ಒಂದು ಚೂರು ನೆರಳು.”

ಸೇವಂತಿಯಕ್ಕ ಕಂಬಳಿಯ ಒಂದು ತುದಿಯನ್ನು ಗಂಡನ ಮೊಣಕಾಲಿನ ಮೇಲೆ ಎಳೆದರು. ಯಾರಿಗೆ ಚಳಿ, ಯಾರಿಗೆ ಸೆಕೆ ಎಂಬ ವಿಚಾರವೇ ಇಲ್ಲದೆ. ಅಷ್ಟರಲ್ಲಿ ಅನ್ನದ ಪರಿಮಳ ಬಂತು. ಕಾಂತಪ್ಪ ಗಾಜು ಸರಿಸಿ, ಒಂದು ಅಗುಳು ಹಿಚುಕಿ ನೋಡಿ, “ಸದ್ದೇ ಇಲ್ಲದೆ ಬೆಂದಿದೆಯಲ್ಲ ಮಾರಾಯ್ತಿ,” ಎಂದರು. ಕ್ಯಾಂಪಿನ ಒಲೆಗಳು ಹಗಲಿಡೀ ಭೋರ್ಗರೆಯುತ್ತಿದ್ದವಂತೆ, ಪಕ್ಕದವರ ಮಾತೂ ಕೇಳುತ್ತಿರಲಿಲ್ಲವಂತೆ.

ಅಂದಿನಿಂದ ಟೆರೇಸ್ ಕಾಂತಪ್ಪನ ಪಾಲಿಗೆ ಬಂತು. ಮೊದಮೊದಲು ಕೊಡೆ, ಆಮೇಲೆ ತಲೆಗೊಂದು ಒದ್ದೆ ಪಂಚೆ. ಫೆಬ್ರವರಿಯ ಹೊತ್ತಿಗೆ ಅದೂ ಒಮ್ಮೊಮ್ಮೆ ಹೆಗಲ ಮೇಲಿರುತ್ತಿತ್ತು. ಆ ಬೇಸಗೆಯಲ್ಲಿ ನಮ್ಮ ಟಿವಿಯಲ್ಲಿ ಕುವೈತಿನ ಬಾವಿಗಳು ಉರಿಯುವುದನ್ನು ನೋಡಿದರು. ನಡುಹಗಲಿನಲ್ಲಿ ಕಪ್ಪು ಆಕಾಶ. “ನಮ್ಮ ಕಿಚನ್ ಆ ಕಡೆಗೆ ಇತ್ತು,” ಎಂದು ಹೊಗೆಯ ಕಡೆ ಬೆರಳು ತೋರಿಸಿದರು.

ಎಲ್ಲವೂ ಸೂರ್ಯನಿಂದ ನಡೆಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ತೊಂಬತ್ತೊಂದರ ಮಳೆಗಾಲ ಬಂದಾಗ ಪೆಟ್ಟಿಗೆಗಳು ಮೆಟ್ಟಿಲ ಕೆಳಗೆ ಸೇರಿದವು. ಗಂಡ ಹೆಂಡತಿ ಸರದಿಯಲ್ಲಿ ಸೀಮೆಎಣ್ಣೆಯ ಲೈನಿಗೆ ನಿಂತರು. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಬಿಟ್ಟುಹೋದರು. ದಸರಾ ಕಳೆದು ಬಿಸಿಲು ಮರಳಿದಾಗ ಅವರಲ್ಲಿ ಹೆಚ್ಚಿನವರು ತಾವಾಗಿ ಬಂದರು.

ಆಗಲೇ ದೂಜಣ್ಣ ಮುಂಬಯಿಗೆ ಬಂದದ್ದು. ಕುವೈತಿನಲ್ಲಿ ಬೆಂಕಿ ಆರಿತ್ತು, ಕ್ಯಾಂಪುಗಳು ಮತ್ತೆ ಏಳುತ್ತಿದ್ದವು, ಕೆಲಸದವರನ್ನು ಕರೆಯುತ್ತಿದ್ದರು. ವಿಮಾನ ಹತ್ತುವ ಮುಂಚೆ ಕಾಂತಪ್ಪನ ಮನೆಗೆ ಬಂದಿದ್ದ. ತೆಳ್ಳಗೆ, ಉದ್ದಕ್ಕೆ ಇದ್ದ ಮನುಷ್ಯ, ಮಾತಿಗಿಂತ ನಗು ಹೆಚ್ಚು. ಟೆರೇಸಿನಲ್ಲಿಯೇ ಬಡಿಸಿದರು. ಕಾಂತಪ್ಪ ಎದುರು ಕೂತು, ಅವನು ಉಣ್ಣುವುದನ್ನು ಮಗುವಿನ ಊಟ ನೋಡುವ ತಾಯಿಯ ಹಾಗೆ ನೋಡುತ್ತಿದ್ದರು.

“ನೀನೂ ಬಾ ಕಾಂತಪ್ಪ,” ಎಂದ ದೂಜಣ್ಣ. “ಕ್ಯಾಂಪಿನ ಮುಕಾದಮ ನಿನ್ನ ಹೆಸರು ಹಿಡಿದು ಕೇಳಿದ್ದಾನೆ. ಸಂಬಳ ಜಾಸ್ತಿ ಉಂಟು. ಇಬ್ಬರೂ ಇದ್ದರೆ ನನಗೂ ಒಂದು ಧೈರ್ಯ.”

ಸೇವಂತಿಯಕ್ಕ ಸೌಟು ಹಿಡಿದುಕೊಂಡೇ ನಿಂತಿದ್ದರು. ಗಂಡ ತನ್ನ ಕಡೆ ತಿರುಗಿದಾಗ, “ನನಗಾಗಿ ನಿಲ್ಲುವುದು ಬೇಡ,” ಎಂದರು. “ದೂಜಣ್ಣ ಕರೆದರೆ ಇಲ್ಲ ಅನ್ನುವ ಬಾಯಿ ನಮಗೆ ಇಲ್ಲ. ಆದರೆ ಮನಸ್ಸು ಇದ್ದರೆ ಮಾತ್ರ ಹೋಗಿ.”

ಕಾಂತಪ್ಪ ಹೆಂಡತಿಯ ಕೈಯಿಂದ ಸೌಟು ತೆಗೆದುಕೊಂಡು ದೂಜಣ್ಣನಿಗೆ ಇನ್ನಷ್ಟು ಬಡಿಸಿದರು. “ದೂಜಣ್ಣ, ನೀನು ಕರೆದರೆ ಎಲ್ಲಿಗಾದರೂ ಬರಬೇಕಾದವನು ನಾನು,” ಎಂದರು. “ಆದರೆ ಅಲ್ಲಿ ಬಿಸಿಲು ಕಂಡರೆ ನನಗೆ ಆ ಮರಳೇ ನೆನಪಾಗುವುದು. ಇಲ್ಲಿ ಬಿಸಿಲು ಕಂಡರೆ ಅಕ್ಕಿ ತೊಳೆಯಬೇಕು ಅಂತ ನೆನಪಾಗ್ತದೆ. ಇದನ್ನು ಬಿಟ್ಟು ಬರಲಿಕ್ಕೆ ಆಗುವುದಿಲ್ಲ.”

ದೂಜಣ್ಣ ಬೇಸರ ಪಡಲಿಲ್ಲ. “ನನಗೆ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರೆ, ಹೋಗಲೇಬೇಕು,” ಎಂದ. ಮತ್ತೆ ಪೆಟ್ಟಿಗೆಯನ್ನು ತೋರಿಸಿ, “ಇದು ನಮ್ಮ ಕ್ಯಾಂಪಿಗಾದರೆ ಎಷ್ಟು ಬೇಕಾದೀತು ಮಾರಾಯ? ಅಲ್ಲಿ ಬಿಸಿಲಿಗೆ ಎಂತ ಬರಗಾಲ!” ಎಂದು ನಕ್ಕ. ಮೂವರೂ ನಕ್ಕರು.

ಸೇವಂತಿಯಕ್ಕ ಹಪ್ಪಳ, ಉಪ್ಪಿನಕಾಯಿ ಕಟ್ಟಿಕೊಟ್ಟರು. ನೀರಿನ ಎರಡು ದೊಡ್ಡ ಬಾಟಲಿಗಳನ್ನೂ ಚೀಲಕ್ಕೆ ತುರುಕಿದರು. ವಿಮಾನದಲ್ಲಿ ನೀರು ಕೊಡುತ್ತಾರೆಂದರೂ ಕೇಳಲಿಲ್ಲ. ಮರುದಿನ ಕಾಂತಪ್ಪ ಅವನನ್ನು ಬಿಡಲು ಸಹಾರಿಗೆ ಹೋದರು. ಗಿರಾಕಿಗಳ ಊಟವೆಲ್ಲ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ಬಸ್ಸಿನಲ್ಲಿ ಮರಳಿ ಬಂದರು. ಸೇವಂತಿಯಕ್ಕ ಉಣ್ಣದೆ ಕೂತಿದ್ದರು.

“ಹೋಯಿತಾ ವಿಮಾನ?”

“ಹೋಯಿತು. ಒಳಗೆ ಹೋಗುವಾಗ ಎರಡು ಸಲ ತಿರುಗಿ ನೋಡಿದ.”

“ಕೈ ತೊಳೆದು ಬನ್ನಿ,” ಎಂದರು ಸೇವಂತಿಯಕ್ಕ. ಎರಡು ತಟ್ಟೆ ಹಾಕಿದರು. ಪೆಟ್ಟಿಗೆಯಲ್ಲೇ ಎತ್ತಿಟ್ಟಿದ್ದ ಅನ್ನ ಇನ್ನೂ ಬಿಸಿಯಾಗಿತ್ತು.