ಪೋಲೆಂಡಿನಲ್ಲಿ ಕಾಗೆಗೆ ಕಾದದ್ದು

ರಂಗದ ಮೇಲೆ ಬೊಂಬೆ ಕಾಗೆ ಇಳಿದ ಕೂಡಲೇ ನಟಿ ಕಿಟಾರನೆ ಕಿರುಚಿಕೊಂಡಳು. ನಾನು ಅಲ್ಲಿ ಬರೆದದ್ದು ಕಿರುಚಾಟವಲ್ಲ, ನೆಮ್ಮದಿಯ ಉಸಿರು. ಅದು ತಾಲೀಮಿನ ಮೊದಲ ದಿನ.

ಪೋಲೆಂಡಿನ ಈ ಊರಿಗೆ ಬೊಂಬೆಯಾಟದ ರಂಗಮಂದಿರದಲ್ಲಿ ಕೆಲಸ ಸಿಕ್ಕಿ ಬಂದವಳು ನಾನು. ಬಾಡಿಗೆ ಮನೆಯಲ್ಲಿ ಒಗ್ಗರಣೆ ಹಾಕಿದರೆ ಪಕ್ಕದವರು ದಡಬಡನೆ ಕಿಟಕಿ ತೆರೆಯುತ್ತಾರೆ. ಇಲ್ಲಿನ ಭಾಷೆ ಇನ್ನೂ ನಾಲಿಗೆಗೆ ಹೊಂದಿಲ್ಲ. ಹಿಟ್ಟು ಹುಳಿ ಬರಿಸಿ ಮಾಡುವ ‘ಝೂರೆಕ್’ ಎಂಬ ಸಾರು ಮಾತ್ರ, ನಮ್ಮ ಅಂಬಲಿಯ ದೂರದ ನೆಂಟನಂತೆ, ಸಲೀಸಾಗಿ ಗಂಟಲಿಗಿಳಿಯಿತು.

ನನ್ನ ಏಕಾಂಕ ‘ಎಡೆ’ಯಲ್ಲಿ ಹೆಚ್ಚೇನೂ ನಡೆಯುವುದಿಲ್ಲ. ಸಮಾಧಿಯ ಮುಂದೆ ಎಲೆ, ಎಲೆಯ ತುಂಬ ಊಟ, ಸುತ್ತ ಕಾಗೆಗೆ ಕಾಯುವ ಮನೆಮಂದಿ. ಅದು ನಮ್ಮಲ್ಲೇ ಆದದ್ದು. ಅಪ್ಪ ತೀರಿಕೊಂಡ ಮೂರನೆಯ ದಿನ, ಹಾಲು-ತುಪ್ಪಕ್ಕೆ, ಊರಿನ ನಮ್ಮ ಹೊಲದಲ್ಲಿ ಅವನಿಗಿಷ್ಟವಾದ ಮುದ್ದೆ, ಹುರುಳಿಕಾಳಿನ ಸಾರು ಇಟ್ಟು ಕಾದೆವು. ಕಾಗೆ ಹೊಂಗೆ ಮರದಲ್ಲೇ ಕೂತಿತ್ತು, ಇಳಿಯಲೊಲ್ಲದು. ಸತ್ತವನಿಗೆ ಏನೋ ಕೊರಗಿದೆ ಎಂದರು ಹಿರಿಯರು. ನಾನು ಪರದೇಶಕ್ಕೆ ಹೋಗಕೂಡದೆಂದು ಹಟ ಹಿಡಿದಿದ್ದ ತಮ್ಮ ಮಂಜ ಕೊನೆಗೆ ಕೈ ಮುಗಿದ.

“ಅಕ್ಕನ್ನ ತಡೆಯಲ್ಲ ಕಣಪ್ಪಾ. ಹೋಗ್ಲಿ ಬಿಡು. ಬಂದು ಉಣ್ಣು.”

ಕಾಗೆ ಇಳಿದು ಎಡೆ ಮುಟ್ಟಿತು. ಎಲ್ಲರೂ ಉಸಿರು ಬಿಟ್ಟರು.

ಇದನ್ನೆಲ್ಲ ನಿರ್ದೇಶಕಿ ಈವಾಳಿಗೆ ಬಿಡಿಸಿ ಹೇಳಿದೆ. ಅವಳು, “ಅನುವಾದದಲ್ಲಿ ಎಲ್ಲ ಇದೆ. ಆದರೆ ನಮ್ಮ ಪ್ರೇಕ್ಷಕರಿಗೆ ಕಾಗೆ ಎಂದರೆ ಸಾವು. ಅದು ಅಪ್ಪ ಎಂದು ಹೇಗೆ ನಂಬಿಸಲಿ?” ಎಂದಳು. ಕ್ರಿಸ್‌ಮಸ್ ಹಿಂದಿನ ದಿನದ ಊಟಕ್ಕೆ, ಹೇಳದೆ ಬರುವ ಅತಿಥಿಗೂ ತೀರಿಕೊಂಡವರಿಗೂ ಎಂದು ಒಂದು ಖಾಲಿ ತಟ್ಟೆ ಇಡುವುದು ಇವರ ಪದ್ಧತಿ. ಆ ತಟ್ಟೆಯೊಂದಿಗೇ ನಾಟಕ ಮುಗಿಯಲಿ, ಕಾಗೆ ಬೇಡ ಎಂಬುದು ಅವಳ ಸಲಹೆ. ಸತ್ತವರಿಗೆ ನಾವು ತುಂಬಿದ ಎಲೆ ಇಟ್ಟರೆ ಇವರು ಖಾಲಿ ತಟ್ಟೆ ಇಡುತ್ತಾರಲ್ಲ ಎಂದು ಬೇಸರವಾಯಿತು. ಆದರೂ ತಾಳಕ್ಕೆ ತಕ್ಕಂತೆ ಕುಣಿಯಬೇಕಲ್ಲ, ಒಪ್ಪಿಕೊಂಡೆ.

ಪ್ರದರ್ಶನದ ಸಂಜೆ ಜನ ಆ ತಟ್ಟೆ ನೋಡಿ ಕಣ್ಣೊರೆಸಿಕೊಂಡರು. ಗುರುತಿಲ್ಲದವರು ನನ್ನ ಕೈ ಹಿಡಿದು ತಮ್ಮ ತಂದೆ ತಾಯಿಯ ಹೆಸರು ಹೇಳಿದರು. ಈ ಊರು ನನ್ನದೂ ಹೌದು ಎಂದು ಅಂದು ಮೊದಲ ಬಾರಿಗೆ ಅನ್ನಿಸಿತು, ಹಿಗ್ಗಿದೆ.

ವಿಡಿಯೊ ನೋಡಿ ಮಂಜ ಫೋನ್ ಮಾಡಿದ.

“ಚೆನ್ನಾಗೈತೆ ಕಣಕ್ಕ. ಆದ್ರೆ ಕಾಗೆ ಬರ್ಲೇ ಇಲ್ವಲ್ಲ?”

“ಇಲ್ಲಿ ಜನ ಹೆದರ್ಕೋತಾರೆ ಕಣೋ. ಅದಕ್ಕೇ ಬಿಟ್ವಿ.”



“ಹಂಗಾದ್ರೆ, ಅಪ್ಪ ನಿನ್ನ ಕಳ್ಸೇ ಇಲ್ವಲ್ಲಕ್ಕ” ಎಂದ.